ಗುಜರಿ ಚೆಂಬಿನಿಂದ ತಕ್ಕಡಿ ಶಿಲ್ಪ ಮಾಡುವ ಕ್ರಮ

ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆಯ ಹಳೆಯ ಮನೆಗಳಲ್ಲಿ, ಮದುವೆಗೆ ಉಡುಗೊರೆಯಾಗಿ ಬಂದ ಚೆಂಬುಗಳ ಮೇಲೆ ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕನ್ನಡದಲ್ಲಿ ಕೊರೆದಿರುವುದನ್ನು ಕಾಣಬಹುದು. ಅದೇ ಚೆಂಬು ಗುಜರಿ ಅಂಗಡಿಗೆ ಹೋದರೆ ಹೆಸರಿಗೆ ಬೆಲೆಯಿಲ್ಲ, ಕಿಲೋಗೆ ಮಾತ್ರ. ಒಂದು ತಟ್ಟೆಯಲ್ಲಿ ಜಜ್ಜಿದ ತಾಮ್ರದ ಚೆಂಬನ್ನೂ ಇನ್ನೊಂದರಲ್ಲಿ ಅಷ್ಟೇ ತೂಕದ, ಹೋಟೆಲ್ ಪಾರ್ಸೆಲ್ಲಿನ ಅಲ್ಯೂಮಿನಿಯಂ ಡಬ್ಬಿಗಳನ್ನೂ ಇರಿಸಿದ ತಕ್ಕಡಿಯಿಂದ ಈ ವಿಷಯವನ್ನು ಹೇಳಬಹುದು. ಕಲಾವಿದ ಸುಬೋಧ್ ಗುಪ್ತಾ 2006ರಲ್ಲಿ ಅಡುಗೆಮನೆಯ ಉಕ್ಕಿನ ಪಾತ್ರೆಗಳನ್ನು ರಾಶಿ ರಾಶಿಯಾಗಿ ಜೋಡಿಸಿ ಬೃಹತ್ ತಲೆಬುರುಡೆಯನ್ನು ರೂಪಿಸಿದರು. ನಮಗೆ ಒಂದೇ ಚೆಂಬು ಸಾಕು.

ಮೊದಲು ಲೋಹವನ್ನು ಗುರುತಿಸಬೇಕು. ತಾಮ್ರ ಕೆಂಪಗಿದ್ದು, ತಟ್ಟಿದರೆ ಮಂಕಾಗಿ ಸದ್ದು ಮಾಡುತ್ತದೆ. ದೀರ್ಘವಾಗಿ ಅನುರಣಿಸಿದರೆ ಅದು ಕಂಚು; ಐದರಲ್ಲೊಂದು ಪಾಲಿನಷ್ಟು ತವರ ಬೆರೆತಿರುವ ಗಂಟೆಯ ಕಂಚು ತಣ್ಣಗಿರುವಾಗ ಹೊಡೆದರೆ ಒಡೆಯುತ್ತದೆ. ಹಿತ್ತಾಳೆಯನ್ನು ಅತಿಯಾಗಿ ಕಾಯಿಸಿದರೆ ಸತುವಿನ ಹೊಗೆಯೆದ್ದು ಜ್ವರ ಬರುತ್ತದೆ. ಆದ್ದರಿಂದ ಮೊದಲ ಪ್ರಯತ್ನಕ್ಕೆ ತಾಮ್ರವೇ ಇರಲಿ.

ಒಳಗಿನ ಹಳೆಯ ಕಲಾಯಿಯನ್ನು, ಅಂದರೆ ತವರದ ಲೇಪವನ್ನು, ಪೂರ್ತಿ ತೆಗೆಯದೆ ಬೆಂಕಿಗೆ ಹಿಡಿಯಬಾರದು. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ತಾಮ್ರವನ್ನು ಕೆಂಪಗೆ ಕಾಯಿಸುವಾಗ ಅದು ಲೋಹದೊಳಕ್ಕೆ ಇಳಿದು ಗುಳಿಗಳನ್ನು ಮಾಡುತ್ತದೆ. ಕಲಾಯಿಯಲ್ಲಿ ಸೀಸದ ಬೆರಕೆಯೂ ಇರಬಹುದಾದ್ದರಿಂದ ನೀರು ಹಾಕಿಕೊಂಡೇ ಉಜ್ಜಬೇಕು, ಧೂಳು ಏಳಬಾರದು.

ಬಳಿಕ ನೆರಳಿನಲ್ಲಿ ನೋಡಿದಾಗ ಮಂದಗೆಂಪು ಕಾಣುವಷ್ಟು ಕಾಯಿಸಿ, ಇಕ್ಕಳದಲ್ಲಿ ಓರೆಯಾಗಿ ಹಿಡಿದು ನೀರಿಗೆ ಇಳಿಸಿದರೆ ತಾಮ್ರ ಮೆತ್ತಗಾಗುತ್ತದೆ. ಹೆಸರಿರುವ ಬದಿಯನ್ನು ಮೇಲೆ ಮಾಡಿ, ಅದರ ಮೇಲೊಂದು ಹಲಗೆಯಿಟ್ಟು, ಕೊಡತಿಯಿಂದ ಹಲಗೆಗೇ ಹೊಡೆಯಬೇಕು. ಸುತ್ತಿಗೆ ನೇರವಾಗಿ ತಗುಲಿದರೆ ಅಕ್ಷರ ಅಳಿಸಿಹೋಗಿ ಕೆಲಸದ ಅರ್ಥವೇ ಕೆಡುತ್ತದೆ. ಹೊಡೆದಂತೆ ಲೋಹ ಮತ್ತೆ ಗಡುಸಾಗುತ್ತದೆ. ಆಗ ಹಟ ಹಿಡಿಯದೆ ಪುನಃ ಕಾಯಿಸಬೇಕು. ನಾಲ್ಕೈದು ಸಲವಾದರೂ ಬೇಸರ ಬೇಡ. ಕಪ್ಪನ್ನು ಹುಣಸೆಹುಳಿ, ಉಪ್ಪಿನಿಂದ ತೊಳೆದು ಅಲ್ಲಿಗೇ ನಿಲ್ಲಿಸಬೇಕು. ಫಳಫಳ ಹೊಳೆಯಿಸಿದರೆ ಅದು ಅಂಗಡಿಯ ಅಲಂಕಾರದ ಸಾಮಾನಿನಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಡಬ್ಬಿಗಳನ್ನು ತೊಳೆದು, ಒಣಗಿಸಿ, ನಿಜವಾಗಿಯೂ ತೂಗಿಯೇ ಹಾಕಬೇಕು. ಕಣ್ಣಳತೆಯಲ್ಲಿ ಹಾಕಿ ದಂಡವನ್ನು ಮರೆಯಲ್ಲಿ ಬಿಗಿದು ನಿಲ್ಲಿಸುವುದು ಮೋಸವೇ ಸರಿ. ತಾಮ್ರದ ಸಾಂದ್ರತೆ ಅಲ್ಯೂಮಿನಿಯಂನ ಮೂರು ಪಟ್ಟಿಗಿಂತ ಹೆಚ್ಚು, ಡಬ್ಬಿಗಳಾದರೋ ಟೊಳ್ಳು. ಆದ್ದರಿಂದ ಒಂದು ಚೆಂಬಿಗೆ ಎದುರಾಗಿ ಏಳುವ ರಾಶಿ ತಟ್ಟೆಯನ್ನು ಮೀರಿ ಹೊರಚೆಲ್ಲುತ್ತದೆ. ಅದನ್ನು ತೆಳು ತಂತಿಯಿಂದ ಕಟ್ಟಿ, ತಂತಿಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕಾಸರಗೋಡಿನ ಉಪ್ಪುಗಾಳಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಹಿತ್ತಾಳೆಯ ತಟ್ಟೆಗೆ ತಾಗಿದ ಅಲ್ಯೂಮಿನಿಯಂ ಬೇಗನೆ ಸವೆಯುತ್ತದೆ. ಮೇಣ ಹಚ್ಚಿದ ಬಟ್ಟೆಯನ್ನು ನಡುವೆ ಹಾಸಿದರೆ ತಡೆಯಬಹುದು. ತಕ್ಕಡಿಯನ್ನು ಫ್ಯಾನಿನ ಗಾಳಿ ತಾಗದ ಕಡೆ, ಚೆಂಬಿನ ಮೇಲಿನ ಹೆಸರು ನೋಡುವವರ ಕಣ್ಣಿನ ಮಟ್ಟಕ್ಕೆ ಬರುವಂತೆ ತೂಗಹಾಕಿ, ದಂಡಕ್ಕೆ ಗುಜರಿ ಅಂಗಡಿಯ ತೂಕದ ಚೀಟಿಯನ್ನೂ ಕಟ್ಟಬೇಕು.