ಗೋಳಗುಮ್ಮಟ: ಮೊದಲು ಮೇಲೆ ಹತ್ತಿ, ಆಮೇಲೆ ನಾಷ್ಟಾ

ರಜೆಗೆ ಮಕ್ಕಳನ್ನು ಕರೆದುಕೊಂಡು ವಿಜಯಪುರಕ್ಕೆ ಹೊರಟರೆ, ಬೆಳಿಗ್ಗೆ ಗೇಟು ತೆರೆಯುತ್ತಲೇ ಗೋಳಗುಮ್ಮಟಕ್ಕೆ ಹೋಗಿ, ನೇರ ಪಿಸುಗುಟ್ಟುವ ಗ್ಯಾಲರಿಗೆ, ಅಂದರೆ ಗುಮ್ಮಟದ ಒಳಗೆ ಸುತ್ತಲೂ ಇರುವ ಮೊಗಸಾಲೆಗೆ, ಹತ್ತಿಬಿಡಿ. ಅಲ್ಲಿ ಒಂದು ಸದ್ದು ಹಲವು ಸಲ ಮರುಕಳಿಸುತ್ತದೆ. ಹತ್ತು ಜನ ಒಟ್ಟಿಗೆ ಕೂಗಿದರೆ ಬರೀ ಗದ್ದಲ. ಖಾಲಿ ಇದ್ದಾಗ ಒಬ್ಬರು ಗೋಡೆಯ ಹತ್ತಿರ ಬಾಯಿಟ್ಟು ಮೆಲ್ಲಗೆ ಮಾತಾಡಲಿ, ಇನ್ನೊಬ್ಬರು ಎದುರು ಬದಿಯ ಗೋಡೆಗೆ ಕಿವಿ ಕೊಡಲಿ. ದುಂಡು ಗೋಡೆಗುಂಟ ಸಾಗಿದ ದನಿ ಸುಮಾರು 38 ಮೀಟರ್ ಆಚೆ ಸ್ಪಷ್ಟವಾಗಿ ಕೇಳುತ್ತದೆ. ಆಗ ಮಕ್ಕಳ ಮುಖ ನೋಡಬೇಕು! ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತ ದಿನ ಮಾತ್ರ ಇದು ನಡೆಯೋದಿಲ್ಲ. ಮೆಟ್ಟಿಲು ಇಕ್ಕಟ್ಟು, ಕಡಿದು. ಮಂಡಿನೋವಿರುವ ಅಜ್ಜ-ಅಜ್ಜಿ ಕೆಳಗೇ ನೆರಳಲ್ಲಿ ಕೂರಲಿ. ಸೂಸಲಾ (ಒಗ್ಗರಣೆ ಹಾಕಿದ ಮಂಡಕ್ಕಿ), ಮಿರ್ಚಿ ಭಜಿ ಇಳಿದ ಮೇಲೆ ತಿನ್ನಿ. ಹೊಟ್ಟೆ ಹಗುರ ಇದ್ದರೆ ಏಳು ಅಂತಸ್ತು ಹತ್ತೋದು ಸಲೀಸು.