ಎರಡು ಸೆಕೆಂಡಿನಲ್ಲಿ ಕಾಣಬೇಕಾದ ಗುಮ್ಮಟ

ವಿಜಯಪುರದಲ್ಲಿ ಹನ್ನೆರಡು ವರ್ಷಗಳಿಂದ ಫ್ಲೆಕ್ಸ್ ಮತ್ತು ಜೆರ್ಸಿಗಳ ವಿನ್ಯಾಸ ಮಾಡುತ್ತಿದ್ದೇನೆ. ಕಬಡ್ಡಿ, ಕುಸ್ತಿ, ಕ್ರಿಕೆಟ್, ಜಾತ್ರೆಯ ಬಂಡಿ ಓಟ, ಎಲ್ಲದರ ಕೆಲಸವೂ ಬರುತ್ತದೆ. ಆದರೆ ಊರಿನ ಸೈಕಲ್ ಸವಾರರ ತಂಡಕ್ಕೆ ಜೆರ್ಸಿಯೂ ಲಾಂಛನವೂ ಬೇಕು ಎಂದು ಕೇಳಿಕೊಂಡು ಬಂದ ದಿನ ಆದ ಹಿಗ್ಗೇ ಬೇರೆ. ವಿಜಯಪುರ, ಬಾಗಲಕೋಟೆಗಳ ಹಳ್ಳಿಯ ಮಕ್ಕಳು ರಾಷ್ಟ್ರಮಟ್ಟದ ಪದಕ ತರುವ ಆಟ ಇದು. ಅವರ ಮೈಮೇಲೆ ನನ್ನ ಗೆರೆ ಇರುತ್ತದೆ ಎಂಬುದು ಸಣ್ಣ ಮಾತಲ್ಲ.

ಆ ಹಿಗ್ಗಿನಲ್ಲಿಯೇ ಮೊದಲ ಚಿತ್ರ ಬಿಡಿಸಿದೆ. ಗೋಳಗುಮ್ಮಟ, ಅದರ ನಾಲ್ಕು ಮೂಲೆಗಳ ಏಳು ಅಂತಸ್ತಿನ ಗೋಪುರಗಳು, ಮುಂದೆ ಬಾಗಿದ ಸವಾರ, ಒಂದು ಕಡೆ ಬಿಳಿಜೋಳದ ತೆನೆ, ಇನ್ನೊಂದು ಕಡೆ ದ್ರಾಕ್ಷಿ ಗೊಂಚಲು, ಹಿಂದೆ ಸೂರ್ಯ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಕೋರೆಲ್‌ಡ್ರಾ ತಂತ್ರಾಂಶದಲ್ಲಿ ಮೂರು ರಾತ್ರಿ ಕುಳಿತು ಒಂದೊಂದು ಕಾಳನ್ನೂ ಬಿಡಿಸಿದ್ದೆ. ಪರದೆಯ ಮೇಲೆ ಅದು ನಿಜಕ್ಕೂ ಚೆನ್ನಾಗಿತ್ತು, ಈಗಲೂ ಹಾಗೆಯೇ ಹೇಳುತ್ತೇನೆ. ತಂಡದವರೂ ಒಪ್ಪಿದರು.

ಒಂದೇ ಒಂದು ಜೆರ್ಸಿ ಅಚ್ಚು ಹಾಕಿಸಿ, ಒಬ್ಬ ಹುಡುಗನಿಗೆ ತೊಡಿಸಿ, ಸೋಲಾಪುರ ರಸ್ತೆಯ ಬದಿಯಲ್ಲಿ ನಿಂತು ನೋಡಿದೆ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಕಣ್ಣಿಗೆ ಸಿಗುವುದು ಹೆಚ್ಚೆಂದರೆ ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ನನಗೆ ಕಂಡದ್ದು ಕಂದು ಬಣ್ಣದ ಒಂದು ಕಲೆ, ಅಷ್ಟೆ. ಇನ್ನೊಂದು ತಪ್ಪೂ ಅಲ್ಲಿಯೇ ತಿಳಿಯಿತು. ಲಾಂಛನವನ್ನು ಎದೆಯ ಮೇಲೆ ಇಟ್ಟಿದ್ದೆ. ಹ್ಯಾಂಡಲ್ ಹಿಡಿದು ಬಾಗಿದವನ ಎದೆ ನೆಲವನ್ನು ನೋಡುತ್ತಿರುತ್ತದೆ, ಜನರನ್ನಲ್ಲ. ಬೆನ್ನಿನ ಕಡೆ ಸೊಂಟದ ಹತ್ತಿರ ಜೇಬುಗಳಿರುತ್ತವೆ, ಅಲ್ಲಿಯೇ ಸ್ಪರ್ಧೆಯ ನಂಬರಿನ ಚೀಟಿಯನ್ನೂ ಚುಚ್ಚುತ್ತಾರೆ. ಹಾಗಾಗಿ ನನಗೆ ಉಳಿದ ಜಾಗ ಎರಡು ಹೆಗಲುಗಳ ನಡುವಿನ ಒಂದು ಗೇಣು.

ಒಂದೊಂದಾಗಿ ತೆಗೆಯುತ್ತಾ ಹೋದೆ. ಸೂರ್ಯ ಸುಲಭವಾಗಿ ಹೋದ, ದ್ರಾಕ್ಷಿಯೂ ಹೋಯಿತು. ಜೋಳದ ತೆನೆ ತೆಗೆಯುವಾಗ ಮಾತ್ರ ಕೈ ತಡೆಯಿತು. ಅದು ನಮ್ಮ ಹೊಲದ ನೆನಪಿನಿಂದ ಬಂದ ಗೆರೆಯಾಗಿತ್ತು. ಕೊನೆಗೆ ಉಳಿದದ್ದು ಒಂದು ದಪ್ಪ ಅರ್ಧವೃತ್ತ, ಅದರೊಳಗೆ ಚಕ್ರದ ಕಡ್ಡಿಗಳಂತೆ ಏಳು ಗೆರೆ, ಕೆಳಗೆ ‘ವಿಜಯಪುರ’ ಎಂಬ ಹೆಸರು. ಗುಮ್ಮಟವೂ ಹೌದು, ಗಾಲಿಯೂ ಹೌದು ಎಂಬುದು ನನ್ನ ಲೆಕ್ಕ.

ಚಿತ್ರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ಸಂಜೆಯೇ ಮಾತುಗಳು ಬರತೊಡಗಿದವು. ‘ಕೊಡೆ ಬಿಡಿಸಿದ್ದಾರೆ’, ‘ಮೂರನೇ ತರಗತಿಯ ನನ್ನ ಮಗಳೂ ಇದನ್ನು ಬಿಡಿಸುತ್ತಾಳೆ’, ‘ಇದಕ್ಕೆ ದುಡ್ಡು ಬೇರೆ ಕೊಟ್ಟರೇ?’ ಎರಡು ದಿನ ಊಟ ಸೇರಲಿಲ್ಲ. ಉದ್ದನೆಯ ಉತ್ತರ ಬರೆದು ಅಳಿಸಿದೆ. 2012ರ ಲಂಡನ್ ಒಲಿಂಪಿಕ್ಸ್‌ನ ಲಾಂಛನ 2007ರಲ್ಲಿ ಹೊರಬಂದಾಗ ಸಾವಿರಾರು ಜನ ಅದನ್ನು ಬದಲಿಸಿ ಎಂದು ಸಹಿ ಹಾಕಿದ್ದರು, ಆದರೂ ಅದೇ ಉಳಿಯಿತು. 1919ರ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯಲ್ಲಿ ಮುಂಚೂಣಿಯ ಸವಾರನಿಗೆ ಹಳದಿ ಜೆರ್ಸಿ ಕೊಟ್ಟಾಗ ಜನ ಕ್ಯಾನರಿ ಹಕ್ಕಿಯಂತೆ ಕೂಗಿ ಅಣಕಿಸಿದರು ಎಂದು ಅದನ್ನು ತೊಟ್ಟ ಯೂಜೀನ್ ಕ್ರಿಸ್ಟೋಫ್ ಬೇಸರಪಟ್ಟುಕೊಂಡಿದ್ದರು. ಒಂದೇ ಬಣ್ಣದ ಆ ಅಂಗಿಯನ್ನು ಇಂದು ಸೈಕಲ್ ಹತ್ತಿದವರೆಲ್ಲ ಕನಸಿನಲ್ಲಿ ಕಾಣುತ್ತಾರೆ. ಇವನ್ನೆಲ್ಲ ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಲಂಡನ್ನಿನವರು ಗೆದ್ದರು ಎಂದ ಮಾತ್ರಕ್ಕೆ ನನ್ನ ಗೆರೆ ಸರಿಯಾಗುವುದಿಲ್ಲವಲ್ಲ.

ಮೂರನೆಯ ದಿನ ಎಲ್ಲ ಮಾತುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ‘ಮಗಳೂ ಬಿಡಿಸುತ್ತಾಳೆ’ ಎಂಬುದು ಶ್ರಮದ ಬಗೆಗಿನ ಮಾತು. ನಮ್ಮಲ್ಲಿ ತುಂಬಿದ್ದೇ ಕಲೆ, ಖಾಲಿ ಬಿಟ್ಟದ್ದು ಸೋಮಾರಿತನ ಎಂಬ ಭಾವನೆ ಗಟ್ಟಿಯಾಗಿದೆ. ಫ್ಲೆಕ್ಸಿನಲ್ಲಿ ಒಂದು ಅಂಗೈ ಜಾಗ ಬಿಟ್ಟರೆ ‘ಅಲ್ಲಿ ಇನ್ನೊಬ್ಬರ ಫೋಟೋ ಹಾಕಿ’ ಎನ್ನುತ್ತಾರೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ, ಆ ಮಾತನ್ನು ಬಿಟ್ಟುಬಿಟ್ಟೆ. ‘ಕೊಡೆ’ ಹಾಗಲ್ಲ. ಅದು ಕಣ್ಣಿಗೆ ಕಂಡದ್ದನ್ನು ಹೇಳಿದ ಮಾತು. ಅರ್ಧವೃತ್ತದೊಳಗೆ ಕಡ್ಡಿ ಬಿಡಿಸಿದರೆ ಕೊಡೆಯಲ್ಲದೆ ಇನ್ನೇನು ಕಾಣಬೇಕು? ಸರಳ ಮಾಡುವ ಭರದಲ್ಲಿಯೂ ಎರಡು ಅರ್ಥ ಸೇರಿಸುವ ಜಾಣತನವನ್ನು ನಾನು ಬಿಟ್ಟಿರಲಿಲ್ಲ. ಏಳೂ ಕಡ್ಡಿಗಳನ್ನು ತೆಗೆದುಹಾಕಿದೆ.

ಸೈಕಲ್ ರಿಪೇರಿ ಅಂಗಡಿಯ ಕಾಕಾ ಒಂದು ಕಾಲದಲ್ಲಿ ತಾವೂ ಸ್ಪರ್ಧೆಗೆ ಇಳಿದವರು. ಕಡ್ಡಿ ತೆಗೆದ ಚಿತ್ರವನ್ನು ಬಹಳ ಹೊತ್ತು ನೋಡಿ, ‘ತಮ್ಮಾ, ಗುಮ್ಮಟ ಎಲ್ಲ ಊರಿನಲ್ಲಿಯೂ ಇರುತ್ತದೆ. ಇದು ನಮ್ಮದು ಎಂದು ಹೇಗೆ ತಿಳಿಯಬೇಕು?’ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗೋಳಗುಮ್ಮಟದ ಮುಂದೆ ನಿಂತಿದ್ದೆ. ಚಿಕ್ಕಂದಿನಿಂದ ನೋಡಿದ ಕಟ್ಟಡ. ಆದರೂ ಅಂದು ಮೊದಲ ಸಲ ಬುಡವನ್ನು ನೋಡಿದೆ. 44 ಮೀಟರ್ ವ್ಯಾಸದ ಆ ಗುಮ್ಮಟ ಗೋಡೆಯ ಮೇಲೆ ಬರಿದೇ ಕುಳಿತಿಲ್ಲ. ಸುತ್ತಲೂ ಕಲ್ಲಿನ ಕಮಲದ ಎಸಳುಗಳಿವೆ, ಹೂವಿನೊಳಗಿನಿಂದ ಎದ್ದಂತೆ ಕಾಣುತ್ತದೆ. ಅಂಗಡಿಗೆ ಬಂದು ಅರ್ಧವೃತ್ತದ ಬುಡಕ್ಕೆ ಐದು ಎಸಳು ಸೇರಿಸಿದೆ. ಮೊದಲು ಏಳು ಹಾಕಿದ್ದೆ, ದೂರದಿಂದ ಗರಗಸದ ಹಲ್ಲಿನಂತೆ ಕಂಡವು. ಕಾಕಾನಿಗೆ ತೋರಿಸಿದಾಗ ಅವರು ಏನೂ ಹೇಳಲಿಲ್ಲ, ‘ಹೂಂ’ ಎಂದು ಪಂಕ್ಚರ್ ತಿದ್ದಲು ಕುಳಿತರು.

ಜೆರ್ಸಿ ಅಚ್ಚಾಯಿತು, ಹುಡುಗರು ತೊಟ್ಟರು. ಇನ್ನೂ ಕೊಡೆ ಎನ್ನುವವರಿದ್ದಾರೆ. ನನಗೆ ಉಳಿದ ಚಿಂತೆ ತಂಡದ ಟೋಪಿಯ ಮೇಲಿನ ಕಸೂತಿಯದು. ಒಂದು ಮಿಲಿಮೀಟರಿಗಿಂತ ತೆಳ್ಳನೆಯ ಗೆರೆ ಕಸೂತಿ ಯಂತ್ರಕ್ಕೆ ದಕ್ಕುವುದಿಲ್ಲ, ದಪ್ಪ ಮಾಡಿದರೆ ಅಕ್ಷರದ ಒಳಗಿನ ಕಿಂಡಿ ನೂಲಿನಿಂದ ಮುಚ್ಚಿಹೋಗುತ್ತದೆ. ಹೀಗಾಗಿ ‘ವಿಜಯಪುರ’ದ ‘ಪು’ ಇನ್ನೂ ‘ವು’ ಆಗಿ ಕಾಣುತ್ತಿದೆ. ನಾಲ್ಕನೆಯ ಸಲ ಅದನ್ನು ತಿದ್ದುತ್ತಿದ್ದೇನೆ.