ಕೆಮ್ಮಿದ್ರ, ಕೊಡ ಎತ್ತಿದ್ರ ಉಚ್ಚಿ ಹನಿ ಬೀಳ್ತದಾ? ಈ ವ್ಯಾಯಾಮ ಹಿಂಗ ಮಾಡ್ರಿ

ಹೆರಿಗಿ ಆದ ಮ್ಯಾಲ ಕೆಮ್ಮಿದ್ರ, ಸೀನಿದ್ರ, ತುಂಬಿದ ಕೊಡ ಎತ್ತಿದ್ರ ಎರಡು ಹನಿ ಉಚ್ಚಿ ಬಂದುಬಿಡ್ತದ, ಇದನ್ನ ನಮ್ಮ ಕಲಬುರಗಿ ಕಡಿ ಹೆಣ್ಮಕ್ಕಳು ಬಾಯಿ ಬಿಟ್ಟು ಹೇಳೋದೇ ಕಮ್ಮಿ, ಹೇಳಿದ್ರೂ "ಮಕ್ಕಳಾದ ಮ್ಯಾಲ ಎಲ್ಲಾರಿಗೂ ಹಂಗೇ ತಗೊ" ಅಂತ ಸುಮ್ಮ ಮಾಡ್ತಾರ. ನನಗೂ ಎರಡನೇ ಹೆರಿಗಿ ಆದ ಮ್ಯಾಲ ಇದೇ ಆಗಿತ್ತು, ಒಂದು ವರ್ಷ ಯಾರಿಗೂ ಹೇಳಲಿಲ್ಲ, ಮದುವಿ ಮನಿಗೆ ಹೋಗೋದೇ ಬಿಟ್ಟಿದ್ದೆ. ಭಾಳ ಮಂದಿಗೆ ಆಗ್ತದ ಅನ್ನೋದು ಖರೆ, ಆದ್ರ ಹಂಗೇ ಬಿಡಬೇಕಂತ ಏನಿಲ್ಲ, ಮನ್ಯಾಗೇ ವ್ಯಾಯಾಮ ಮಾಡಿ ಭಾಳಷ್ಟು ಕಮ್ಮಿ ಮಾಡ್ಕೋಬಹುದು.

ನಮ್ಮ ಕಿಬ್ಬೊಟ್ಟಿ ಬುಡದಾಗ ಮುಂದಿನ ಎಲುಬಿನಿಂದ ಹಿಂದಿನ ಬಾಲದ ಎಲುಬಿನ ತನಕ ಜೋಳಿಗಿ ಕಟ್ಟಿದಂಗ ಸ್ನಾಯು ಇರ್ತಾವ, ಉಚ್ಚಿ ಚೀಲ, ಗರ್ಭಕೋಶ, ಮಲದ ದಾರಿ ಮೂರಕ್ಕೂ ಅವೇ ಆಸರ. ಇದಕ್ಕೇ ಪೆಲ್ವಿಕ್ ಫ್ಲೋರ್ ಅಂತಾರ. ಬಸಿರಿನ ಭಾರಕ್ಕ, ಹೆರಿಗಿಗೆ, ದಿನಾ ಮುಕ್ಕಿ ಮುಕ್ಕಿ ಸಂಡಾಸ್ ಮಾಡೋದಕ್ಕ, ಮುಟ್ಟು ನಿಂತ ಮ್ಯಾಲ ಈ ಸ್ನಾಯು ಸಡಿಲ ಆಗ್ತಾವ. ಸಿಜೇರಿಯನ್ ಆದವ್ರಿಗೆ ಬರಲ್ಲ ಅನ್ಕೋಬ್ಯಾಡ್ರಿ, ಅವ್ರಿಗೂ ಬರ್ತದ. ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೆಗೆಲ್ 1948ರಾಗ ಈ ಸ್ನಾಯು ಗಟ್ಟಿ ಮಾಡೋ ವ್ಯಾಯಾಮದ ಬಗ್ಗೆ ಬರೆದ್ರು, ಅದಕ್ಕೇ ಕೆಗೆಲ್ ಅಂತ ಹೆಸರು.

ಈಗ ಮಾಡೋ ರೀತಿ. ಮೊದಲು ಉಚ್ಚಿಗೆ ಹೋಗಿ ಬಂದು, ಚಾಪಿ ಮ್ಯಾಲ ಅಂಗಾತ ಮಲಗಿ ಮೊಣಕಾಲು ಮಡಚ್ರಿ. ಮಂದಿ ನಡುವ ಕೂತಾಗ ಗ್ಯಾಸ್ ಬಂದ್ರ ಹೆಂಗ ತಡಕೋತೀರಿ, ಹಂಗ ಹಿಂದಿನ ದಾರಿ ಬಿಗಿ ಮಾಡ್ರಿ, ಅದರ ಜೊತೀಗೇ ಉಚ್ಚಿ ತಡದಂಗ ಮುಂದಿಂದೂ ಬಿಗಿ ಮಾಡಿ ಒಳಗ ಮ್ಯಾಲಕ್ಕ ಎಳಕೊಳ್ರಿ. ಕುಂಡಿ, ತೊಡಿ, ಹೊಟ್ಟಿ ಮೆತ್ತಗೇ ಇರಬೇಕು, ಉಸಿರು ಕಟ್ಟಬಾರದು. ನಾನು ತಪ್ಪಿದ್ದು ಇಲ್ಲೇ ನೋಡ್ರಿ, ಎರಡು ತಿಂಗಳು ಉಸಿರು ಹಿಡದು ಹೊಟ್ಟಿ ಬಿಗಿತಾ ಇದ್ದೆ, ಕೆಳಗ ಒತ್ತಡ ಬಿದ್ದು ಹನಿ ಇನ್ನೂ ಜಾಸ್ತಿ ಆಯ್ತು. ಆಮೇಲೆ ಫಿಸಿಯೋ ಮೇಡಂ ಒಂದು ಉಪಾಯ ಹೇಳಿದ್ರು, ಒಂದು ಎರಡು ಮೂರು ಅಂತ ಬಾಯಿಲೆ ಎಣಸ್ರಿ, ಮಾತಾಡ್ತಿದ್ರ ಉಸಿರು ಕಟ್ಟಾಕ ಆಗಲ್ಲ.

5 ಸೆಕೆಂಡ್ ಬಿಗಿ, 5 ಸೆಕೆಂಡ್ ಪೂರಾ ಸಡಿಲ. 5 ಆಗಲಿಲ್ಲಾಂದ್ರ 2 ಸಾಕು, ಮುಂದ ನಿಧಾನಕ್ಕ 10ರ ತನಕ ಏರಸ್ರಿ. ಹಿಂಗ 10 ಸಲ, ಆಮೇಲೆ ಪಟಪಟ ಬಿಗಿ ಬಿಡು ಅಂತ 10 ಸಲ, ದಿನಕ್ಕ 3 ಹೊತ್ತು. ಸಡಿಲ ಬಿಡೋದನ್ನ ಗಡಿಬಿಡಿ ಮಾಡಬ್ಯಾಡ್ರಿ, ಅದೂ ವ್ಯಾಯಾಮನೇ. ಮಲಗಿ ಮಾಡೋದು ರೂಢಿ ಆದ ಮ್ಯಾಲ ಕೂತು, ಆಮೇಲೆ ನಿಂತು ಮಾಡ್ರಿ, ರೊಟ್ಟಿ ಬಡದು ಮುಗಿದ ಕೂಡ್ಲೇ ಒಂದು ಸುತ್ತು ಅಂತ ಇಟ್ಕೊಂಡ್ರ ಮರಿಯಲ್ಲ. ಕಮ್ಮಿ ಅಂದ್ರ 3 ತಿಂಗಳು ಬಿಡದೆ ಮಾಡಬೇಕು, ಎಂಟು ದಿನಕ್ಕ ಫರಕ್ ಕಾಣಲ್ಲ.

ಕೆಮ್ಮು ಬರೋಕಿಂತ ಮೊದಲು, ಕೊಡ ಎತ್ತೋ ಮೊದಲು ಬಿಗಿ ಮಾಡ್ರಿ, ಎತ್ತುವಾಗ ಉಸಿರು ಬಿಡ್ರಿ. ಉಚ್ಚಿ ಹೊಯ್ಯುವಾಗ ನಡುವ ತಡದು ಪ್ರಾಕ್ಟೀಸ್ ಮಾಡೋದು ಬ್ಯಾಡ, ಚೀಲ ಪೂರಾ ಖಾಲಿ ಆಗಲ್ಲ.

ಬಾಣಂತಿಯರು ನೋವು ಇಲ್ಲಾಂದ್ರ ಕೆಲವು ದಿನದಾಗೇ ಹಗೂರಕ್ಕ ಶುರು ಮಾಡಬಹುದು, ಉಚ್ಚಿ ನಳಿಗಿ ಹಾಕಿದ್ರ ತೆಗೆಯೋ ತನಕ ಬ್ಯಾಡ. ಸಿಜೇರಿಯನ್ ಆಗಿದ್ರ 6 ವಾರ ಕೂಸಿಗಿಂತ ಭಾರ ಎತ್ತಬ್ಯಾಡ್ರಿ. ಹೊಟ್ಟಿಗೆ ಹಳೇ ಸೀರಿ ಕಟ್ಟೋ ರೂಢಿ ಇದ್ರ ಜಗ್ಗಿ ಬಿಗಿಬ್ಯಾಡ್ರಿ. ಹೊಟ್ಟಿ ಕರಗಬೇಕಂತ ಮಲಗಿದಲ್ಲಿಂದ ಎದ್ದು ಕೂಡೋ ಕಸರತ್ತು (ಸಿಟ್-ಅಪ್) ಆಗಲೇ ಬ್ಯಾಡ. ನಡಿಯೋದು ಒಳ್ಳೇದು, ಆದ್ರ ನಮ್ಮೂರ ಬ್ಯಾಸಗಿ ಗೊತ್ತಲ್ಲ, ಬಿಸಿಲು ಏರೋ ಮೊದಲೇ ಮುಗಿಸ್ರಿ.

ಗಂಡನ ಜೊತಿ ಕೂಡುವಾಗ ನೋವು, ಉಚ್ಚಿ ಬರಲಿಕ್ಕೇ ತ್ರಾಸು ಇದ್ರ ನೀವೇ ಬಿಗಿಲಿಕ್ಕೆ ಹೋಗಬ್ಯಾಡ್ರಿ, ಕೆಲವ್ರಿಗೆ ಸ್ನಾಯು ಮೊದಲೇ ಬಿಗಿದಿರ್ತಾವ, ಅವ್ರು ಸಡಿಲ ಮಾಡೋದು ಕಲೀಬೇಕು. ಕೆಳಗ ಗಂಟು ಜಾರಿದಂಗ ಅನಸಿದ್ರ, ಉಚ್ಚ್ಯಾಗ ರಕ್ತ, ಉರಿ, ಜ್ವರ ಇದ್ರ ಡಾಕ್ಟರ್ ಹತ್ರ ಹೋಗ್ರಿ. ಬಾಣಂತಿಗೆ ಒಂದೇ ಕಾಲು ಬಾತು ಮೀನಖಂಡ ನೋಯ್ತಿದ್ರ ಅವತ್ತೇ ಹೋಗ್ರಿ. ಕಲಬುರಗಿ ಸರ್ಕಾರಿ ದವಾಖಾನಿ ಜಿಮ್ಸ್‌ದಾಗ ತೋರಸ್ರಿ, ಬ್ಯಾರೆ ಕಡಿ ತೋರಸ್ರಿ, ಒಳಗ ಹೋದ ಮ್ಯಾಲ ಸೊಂಟ ನೋವು ಅಂತ ಸುಳ್ಳು ಹೇಳದೆ, "ಕೆಮ್ಮಿದ್ರ ಉಚ್ಚಿ ಬರ್ತದರಿ" ಅಂತ ಸೀದಾ ಹೇಳ್ರಿ, ಹಿಂಜರಿಕಿ ಆದ್ರ ಚೀಟ್ಯಾಗ ಬರಕೊಂಡು ಹೋಗಿ ಕೊಟ್ರೂ ನಡೀತದ.